ನಮ್ಮ ಮನೆಯ ‘ಪರವಾಗಿಲ್ಲ’

ನಮ್ಮ ಮನೆಯಲ್ಲಿ ಯಾರನ್ನೂ ಎದುರಿಗೆ ಹೊಗಳುವ ಪದ್ಧತಿ ಇರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಎದ್ದು ಆಫೀಸಿಗೆ ಓಡುತ್ತಿದ್ದುದರಿಂದ, ಶಂಕರಪುರದ ಆ ಮನೆಯಲ್ಲಿ ನನಗೆ ಮಾತು ಕಲಿಸಿದವರು ಅಜ್ಜ ಮತ್ತು ಅಜ್ಜಿ. ಅಜ್ಜನ ಮೆಚ್ಚುಗೆಗೆ ಮೂರು ಮೆಟ್ಟಿಲು. ಅಡುಗೆ ಸುಮಾರಾಗಿದ್ದರೆ ‘ಉಪ್ಪು ಹಿಡಿದಿದೆ’ ಎನ್ನುವರು. ಚೆನ್ನಾಗಿದ್ದರೆ ‘ತಿನ್ನಬಹುದು’. ಅದಕ್ಕೂ ಮೇಲಿನದು, ವರ್ಷಕ್ಕೆ ಒಂದೋ ಎರಡೋ ಸಲ ಸಿಗುವಂಥದ್ದು, ‘ಪರವಾಗಿಲ್ಲ’. ಅಜ್ಜ ಎಲೆಯ ಮುಂದೆ ಒಂದು ಕ್ಷಣ ಕಣ್ಣು ಮುಚ್ಚಿ ‘ಪರವಾಗಿಲ್ಲ’ ಅಂದರೆ, ಅಜ್ಜಿ ಅಡುಗೆಮನೆಯೊಳಕ್ಕೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಬರುತ್ತಿದ್ದರು. ಮುಖದಲ್ಲಿ ಬೆವರೇನೂ ಇರುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಓಟದ ಪಂದ್ಯದಲ್ಲಿ ಎರಡನೆಯವಳಾಗಿ ಬಂದು ಒಂದು ಸ್ಟೀಲ್ ಲೋಟ ಗೆದ್ದುಕೊಂಡಿದ್ದೆ. ಅಜ್ಜ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ತಳದಲ್ಲಿ ಕೊರೆದಿದ್ದ ಹೆಸರನ್ನು ಓದಿದರು. ‘ಪರವಾಗಿಲ್ವೇ’ ಅಂದರು. ಅಷ್ಟೇ. ನಾನು ದೈಹಿಕ ಶಿಕ್ಷಣದ ಟೀಚರ್ ಆದದ್ದು ಯಾಕೆ ಎಂದು ಯಾರಾದರೂ ಕೇಳಿದರೆ ಏನೇನೋ ದೊಡ್ಡ ಕಾರಣ ಹೇಳುತ್ತಿದ್ದೆ. ನಿಜವಾದ ಕಾರಣ ಆ ಒಂದು ಮಾತು.

ಹೊಗಳದೆ ಇರುವುದಕ್ಕೆ ನಮ್ಮವರ ಬಳಿ ಎರಡು ಸಿದ್ಧಾಂತಗಳಿದ್ದವು. ಒಂದು, ಹೊಗಳಿದರೆ ದೃಷ್ಟಿಯಾಗುತ್ತದೆ. ಎರಡನೆಯದು ಛಲದ ಸಿದ್ಧಾಂತ: ಹೊಗಳಿಸಿಕೊಂಡ ಮಗು ಅಲ್ಲೇ ಕೂತುಬಿಡುತ್ತದೆ, ‘ನಿನ್ನ ಕೈಲಿ ಎಲ್ಲಾಗುತ್ತೆ ಬಿಡು’ ಅನ್ನಿಸಿಕೊಂಡ ಮಗು ಎದ್ದು ಮಾಡಿ ತೋರಿಸುತ್ತದೆ. ಈ ಎರಡನೆಯದನ್ನು ನಾನು ಪರೀಕ್ಷೆ ಮಾಡದೆ ನಂಬಿದ್ದೆ. ತೊಂಬತ್ತರ ದಶಕದ ಮೊದಲಲ್ಲಿ ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಪಿ.ಟಿ. ಟೀಚರಾಗಿ ಸೇರಿದಾಗ, ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚ್, ತಲೆಯಲ್ಲಿ ಅಜ್ಜನ ಸಿದ್ಧಾಂತ, ಇಷ್ಟೇ ನನ್ನ ಆಸ್ತಿ.

ಅದರ ಜೊತೆಗೆ ಕಡಲೆಕಾಯಿ ಚಿಕ್ಕಿಯನ್ನೂ ಸೇರಿಸಬೇಕು. ಬೆಳಿಗ್ಗೆ ಆರೂವರೆಗೆ ಬಂದು ಮೈದಾನ ಐದು ಸುತ್ತು ಓಡಿದವರಿಗೆ ಒಂದೊಂದು ಚಿಕ್ಕಿ ಎಂದು ಒಂದು ವರ್ಷ ಘೋಷಿಸಿದೆ. ಅದಕ್ಕೆ ಮುಂಚೆ ಎಂಟು ಹುಡುಗಿಯರು ತಾವಾಗಿಯೇ ಬಂದು, ನಗುತ್ತಾ ಮಾತಾಡುತ್ತಾ ಏಳೆಂಟು ಸುತ್ತು ಓಡುತ್ತಿದ್ದರು. ಚಿಕ್ಕಿ ಬಂದ ಮೇಲೆ ಮೂವತ್ತು ಜನ ಬಂದರು, ಸರಿಯಾಗಿ ಐದು ಸುತ್ತಿಗೆ ನಿಂತರು. ಒಂದು ವಾರ ನನಗೆ ಚಿಕ್ಕಿ ತರಲಾಗಲಿಲ್ಲ. ‘ಚಿಕ್ಕಿ ಇಲ್ವಾ ಮಿಸ್? ಹಾಗಾದ್ರೆ ಇವತ್ತು ಎರಡೇ ಸುತ್ತು’ ಎಂದು ಒಬ್ಬಳು ಲೆಕ್ಕ ಚುಕ್ತಾ ಮಾಡಿದಳು. ಮುಂದಿನ ತಿಂಗಳು ಮೊದಲಿನ ಎಂಟು ಜನರೂ ಬರಲಿಲ್ಲ. ಹುಡುಗಿಯರಿಗೆ ಸೋಮಾರಿತನ ಎಂದು ತೀರ್ಮಾನಿಸಿ ನಾನು ಸುಮ್ಮನಾದೆ. ಅವರು ತಾವಾಗಿ ಮಾಡುತ್ತಿದ್ದುದನ್ನು ನಾನು ಕೂಲಿ ಕೆಲಸ ಮಾಡಿಬಿಟ್ಟಿದ್ದೆ ಎಂದು ಹೊಳೆಯಲು ಹತ್ತು ವರ್ಷ ಬೇಕಾಯಿತು. ಇದು ಹೇಳಿ ನಗಬಹುದಾದ ತಪ್ಪು. ನಾನು ಹೇಳಬೇಕೆಂದಿರುವುದು ಇದಲ್ಲ.

ಎಂಟನೇ ಕ್ಲಾಸಿಗೆ ಒಬ್ಬ ಹುಡುಗಿ ಬಂದಳು. ಕಡ್ಡಿಯಂಥ ಮೈ, ಮಡಚಿ ಕಟ್ಟಿದ ಎರಡು ಜಡೆ. ಅವಳ ಅಜ್ಜನ ಕಾಲಕ್ಕೆ ಹಳ್ಳಿಯಿಂದ ಬಂದ ಮನೆತನ. ಅಪ್ಪ ಚಾಮರಾಜಪೇಟೆಯಲ್ಲೇ, ಶಾಲೆಯಿಂದ ಎರಡು ರಸ್ತೆ ಆಚೆ, ಸಿಮೆಂಟು ಮತ್ತು ಕಬ್ಬಿಣದ ಅಂಗಡಿ ಇಟ್ಟಿದ್ದರು. ಮೊದಲನೇ ವಾರವೇ ಅವಳು ಖೋಖೋ ಸಾಲಿನ ಪಕ್ಕ ನಿಂತು, ಆಡುವವರನ್ನು ನೋಡುವ ಬದಲು ಅಟ್ಟಿಸಿಕೊಂಡು ಹೋಗುವವಳ ಭುಜವನ್ನೇ ನೋಡುತ್ತಿದ್ದಳು. ಏನೇ ನೋಡ್ತಿದೀಯ ಎಂದು ಕೇಳಿದೆ. ಕಾಲು ಸುಳ್ಳು ಹೇಳುತ್ತದೆ, ಭುಜ ಹೇಳುವುದಿಲ್ಲ, ಯಾವ ಕಡೆ ತಿರುಗುತ್ತಾರೋ ಆ ಕಡೆಯ ಭುಜ ಮೊದಲು ಇಳಿಯುತ್ತದೆ ಎಂದಳು. ಇದನ್ನು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಹದಿಮೂರು ವರ್ಷದ ಹುಡುಗಿ ತಾನಾಗಿ ಕಂಡುಹಿಡಿದಿದ್ದಳು. ಆಗಲೂ ನಾನು ‘ಹೂಂ, ಸರಿ, ಹೋಗಿ ಕೂತ್ಕೋ’ ಅಂದಿದ್ದೆ.

ಖೋಖೋ ಗೊತ್ತಿಲ್ಲದವರಿಗೆ ಎರಡು ಮಾತು. ಎರಡು ಕಂಬದ ನಡುವೆ ಎಂಟು ಜನ ಒಬ್ಬರು ಆ ಕಡೆಗೆ, ಒಬ್ಬರು ಈ ಕಡೆಗೆ ಮುಖ ಮಾಡಿ ಸಾಲಾಗಿ ಕೂತಿರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಎದುರು ತಂಡದವರು ಮೂರು ಮೂರು ಜನರಾಗಿ ಒಳಗೆ ಬಂದು ಸಿಕ್ಕದೆ ಓಡಬೇಕು. ಅಟ್ಟುವವಳು ಹಿಂದಕ್ಕೆ ತಿರುಗುವಂತಿಲ್ಲ, ಸಾಲನ್ನು ದಾಟುವಂತಿಲ್ಲ. ತಿರುಗಬೇಕಾದರೆ ಕೂತವಳ ಬೆನ್ನು ತಟ್ಟಿ ‘ಖೋ’ ಎಂದು ಅವಳನ್ನು ಎಬ್ಬಿಸಬೇಕು. ಓಡುವವರಿಗೆ ಈ ನಿರ್ಬಂಧವಿಲ್ಲ. ಕೂತವರ ನಡುವೆ ನುಸುಳಿ ಹೋಗಬಹುದು. ಆದರೂ ಹೆಚ್ಚಿನವರು ಒಂದು ನಿಮಿಷದೊಳಗೆ ಸಿಕ್ಕಿಬೀಳುತ್ತಾರೆ. ಈ ಹುಡುಗಿ ನುಸುಳುವುದನ್ನು ನೋಡಿದರೆ ಹೊಲಿಗೆಯ ಸೂಜಿ ಬಟ್ಟೆಯಲ್ಲಿ ಇಳಿದು ಏಳುವ ಹಾಗೆ ಇರುತ್ತಿತ್ತು.

ಅವಳ ಅಪ್ಪನ ತಾಯಿ ಒಮ್ಮೆ ಶಾಲೆಯ ಕ್ರೀಡಾದಿನಕ್ಕೆ ಬಂದಿದ್ದರು. ಮೊಮ್ಮಗಳು ಓಡುವಾಗ, ನೋಡ್ರವ್ವಾ ನನ್ನ ಚಿನ್ನನಾ, ಜಿಂಕೆ ಕಣ್ರೇ ಜಿಂಕೆ ಎಂದು ಸುತ್ತ ಕೂತವರಿಗೆಲ್ಲ ಸಾರಿದರು. ಆಟ ಮುಗಿದ ಮೇಲೆ ಅವಳ ಕೆನ್ನೆಗಳನ್ನು ಎರಡೂ ಕೈಯಿಂದ ಸವರಿ ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ಪಟಪಟ ನೆಟಿಗೆ ಮುರಿದರು. ನನಗೆ ಆಗ ಒಳಗೊಳಗೇ ನಗು. ಅವರ ಮನೆಯಲ್ಲಿ ಬಾಯ್ತುಂಬ ಹೊಗಳಿ ಆಮೇಲೆ ದೃಷ್ಟಿ ತೆಗೆಯುತ್ತಿದ್ದರು. ನಮ್ಮ ಮನೆಯಲ್ಲಿ ದೃಷ್ಟಿ ತೆಗೆಯುವ ಕೆಲಸವೇ ಬೀಳದಂತೆ ಹೊಗಳುವುದನ್ನೇ ಬಿಟ್ಟಿದ್ದರು. ಒಂದೇ ಊರಿನಲ್ಲಿ, ಮೂರು ಫರ್ಲಾಂಗು ದೂರದಲ್ಲಿ, ಎರಡು ಕನ್ನಡ ಇದ್ದವು. ನನಗೆ ಕೇಳಿಸಿದ್ದು ಒಂದೇ.

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ, ಶಾಲೆಗಳ ನಡುವಿನ ಪಂದ್ಯದ ಫೈನಲಿಗೆ ನಾವು ಬಂದೆವು. ನಮ್ಮ ಮೈದಾನದಲ್ಲೇ ಆಟ. ಕೊನೆಯ ಸರದಿಯಲ್ಲಿ ಅವರು ಅಟ್ಟುವುದು, ನಾವು ಓಡುವುದು. ನಮ್ಮ ಮೊದಲ ಮೂವರು ಎರಡು ನಿಮಿಷವೂ ಆಗುವ ಮುನ್ನ ಔಟಾದರು. ಎರಡನೇ ಗುಂಪಿನಲ್ಲಿ ಇವಳು ಇಳಿದಳು. ಜೊತೆಯ ಇಬ್ಬರು ಬೇಗ ಸಿಕ್ಕಿಬಿದ್ದರು. ಅಲ್ಲಿಂದ ಇವಳೊಬ್ಬಳೇ.

ಸ್ಟಾಪ್‌ವಾಚ್ ನನ್ನ ಅಂಗೈಯಲ್ಲಿತ್ತು. ಒಂದು ನಿಮಿಷ, ಎರಡು ನಿಮಿಷ. ಕಂಬದ ಹತ್ತಿರ ಒಮ್ಮೆ ಅಟ್ಟುವವಳ ಬೆರಳು ಇವಳ ಜಡೆಯ ರಿಬ್ಬನಿನಿಂದ ಗೇಣು ದೂರದಲ್ಲಿತ್ತು. ಇವಳು ಕೂತುಬಿಟ್ಟಳು. ಓಡುತ್ತಿದ್ದವಳು ಹಾಗೇ ಕುಕ್ಕರಗಾಲಲ್ಲಿ ಕೂತಳು, ಅಟ್ಟುವವಳ ಕೈ ಗಾಳಿಯಲ್ಲಿ ಹಾದು ಮುಂದಕ್ಕೆ ಹೋಯಿತು. ಎದುರು ಶಾಲೆಯ ಟೀಚರೇ ಚಪ್ಪಾಳೆ ತಟ್ಟಿದರು. ಮೂರು ನಿಮಿಷ ದಾಟಿತು. ನಾಲ್ಕು ನಿಮಿಷ ದಾಟಿ ಹತ್ತು ಸೆಕೆಂಡಾದಾಗ, ಕಂಬ ಸುತ್ತುವಲ್ಲಿ ಸಡಿಲ ಮಣ್ಣಿನ ಮೇಲೆ ಕಾಲು ಜಾರಿ ಬಿದ್ದಳು, ಅಟ್ಟುವವಳ ಕೈ ತಾಗಿತು. ಔಟ್. ಉಳಿದದ್ದು ಒಂದು ನಿಮಿಷಕ್ಕೂ ಕಡಿಮೆ. ಕೊನೆಯ ಮೂವರು ಇಳಿದರು. ಗಾಬರಿಯಲ್ಲಿ ಇಬ್ಬರು ಸಿಕ್ಕಿಕೊಂಡರು. ನಾವು ಒಂದು ಪಾಯಿಂಟಿನಿಂದ ಸೋತೆವು.

ಸೀಟಿ ಊದಿದ ಮೇಲೆ ಅವಳು ನೇರವಾಗಿ ನನ್ನ ಹತ್ತಿರ ಬಂದಳು. ಮಂಡಿ ತರಚಿ ಮಣ್ಣು ರಕ್ತ ಒಂದಾಗಿತ್ತು. ನನ್ನ ಮುಂದೆ ನಿಂತಳು, ಉಸಿರು ಹತೋಟಿಗೆ ಬರುವವರೆಗೂ ನಿಂತೇ ಇದ್ದಳು. ಅಂಥ ಆಟವನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಬಳಿ ಇದ್ದ ಅತ್ಯಂತ ದೊಡ್ಡ ಮಾತನ್ನು ತೆಗೆದು ಅವಳಿಗೆ ಕೊಟ್ಟೆ.

‘ಪರವಾಗಿಲ್ಲ’ ಅಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿ, ‘ಪರವಾಗಿಲ್ವಾ ಮಿಸ್?’ ಅಂದಳು.

‘ಪರವಾಗಿಲ್ಲ. ಹೋಗು, ಮಂಡಿ ತೊಳ್ಕೋ.’

ಅಂದು ಸಂಜೆ ಮನೆಗೆ ಹೋಗಿ ಅಮ್ಮನಿಗೆ ಅವಳ ನಾಲ್ಕು ನಿಮಿಷವನ್ನು ಅರ್ಧ ಗಂಟೆ ವರ್ಣಿಸಿದೆ. ಹಾಲ್‌ನಲ್ಲಿ ಕುಕ್ಕರಗಾಲಲ್ಲಿ ಕೂತು ತೋರಿಸಿದೆ. ಮರುದಿನ ಸ್ಟಾಫ್‌ರೂಮಿನಲ್ಲಿ ಗಣಿತದ ಮೇಡಮ್ಮಿಗೆ ಹೇಳಿದೆ. ಗೇಟಿನ ಹತ್ತಿರ ಹೂವು ಮಾರುವ ಅಮ್ಮನಿಗೂ ಹೇಳಿದೆ. ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಹೇಳಿದೆ.

ಎರಡು ವಾರ ಕಳೆದು ಒಂದು ಶನಿವಾರ ಜಿಲ್ಲಾ ತಂಡದ ಆಯ್ಕೆ ಇತ್ತು. ನಮ್ಮ ಶಾಲೆಯಿಂದ ಮೂವರ ಹೆಸರು ಕೊಟ್ಟಿದ್ದೆ. ಮೊದಲ ಹೆಸರು ಅವಳದು. ಶುಕ್ರವಾರ ಮಧ್ಯಾಹ್ನ, ಕೊನೆಯ ಪೀರಿಯಡ್ ಮುಗಿದ ಮೇಲೆ, ನಾನು ಆಟದ ಸಾಮಾನಿನ ಕೋಣೆಯಲ್ಲಿ ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬುತ್ತಿದ್ದೆ. ಅವಳು ಬಾಗಿಲ ಹತ್ತಿರ ಬಂದು ನಿಂತಳು.

‘ಮಿಸ್, ನಾಳೆ ಸೆಲೆಕ್ಷನ್‌ಗೆ ನಾನು ಬರ್ದೇ ಇದ್ರೆ?’

ಅವಳ ದನಿಯಲ್ಲಿ ನನಗೆ ಜಂಬ ಕೇಳಿಸಿತು. ನಾಲ್ಕು ನಿಮಿಷ ಓಡಿದ್ದಕ್ಕೆ ಇವಳಿಗೆ ಕೋಡು ಬಂದಿದೆ, ನಾನು ಗೋಗರೆಯಲಿ ಎಂದು ಕಾಯುತ್ತಿದ್ದಾಳೆ ಅಂದುಕೊಂಡೆ. ಅಜ್ಜನ ಎರಡನೇ ಸಿದ್ಧಾಂತ ಎದ್ದು ನಿಂತಿತು. ಈಗ ಬಿಗಿ ಹಿಡಿದರೆ ಛಲ ಬರುತ್ತದೆ, ನಾಳೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಾಳೆ. ಚೀಲದ ಬಾಯಿ ಎಳೆದು ಕಟ್ಟುತ್ತಾ, ಅವಳ ಕಡೆ ತಿರುಗದೆ ಹೇಳಿದೆ.

‘ಬರದೇ ಇದ್ರೂ ಪರವಾಗಿಲ್ಲ.’

ಅವಳು ‘ಸರಿ ಮಿಸ್’ ಅಂದು ಹೋದಳು.

ಶನಿವಾರ ಬರಲಿಲ್ಲ. ಸೋಮವಾರ ತಂಡದ ಅಂಗಿ ಚಡ್ಡಿಯನ್ನು ಒಗೆದು, ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿ ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಳು. ಕರೆಸಿ ಕೇಳಬಹುದಿತ್ತು. ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತಲ್ಲ, ಮನೆಯವರು ಬೇಡ ಅಂದಿರಬೇಕು ಎಂದು ಒಂದು ದಿನ, ಪ್ರತಿಭೆ ಇದ್ದವರಿಗೆ ಶಿಸ್ತು ಇರುವುದಿಲ್ಲ ಎಂದು ಇನ್ನೊಂದು ದಿನ, ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಅವಳು ಪಾಸಾಗಿ ಹೋದಳು. ಆಮೇಲೆ ಶೇಷಾದ್ರಿಪುರದ ಕಡೆ ಯಾವುದೋ ಕಾಲೇಜಿಗೆ ಸೇರಿದ್ದಾಳೆ, ಆಟದ ಕಡೆ ತಲೆ ಹಾಕಿಲ್ಲ ಎಂದು ಅವಳ ಜೊತೆಯವರು ಹೇಳಿದರು. ನನಗೆ ಸಿಟ್ಟೇ ಬಂತು. ಅನ್ನವನ್ನು ಚೆಲ್ಲಿದವರ ಮೇಲೆ ಬರುತ್ತದಲ್ಲ, ಅಂಥ ಸಿಟ್ಟು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೇಸಗೆಯಲ್ಲಿ, ನಮ್ಮಂಥ ದೈಹಿಕ ಶಿಕ್ಷಕರಿಗೆಲ್ಲ ಹದಿನೈದು ದಿನದ ತರಬೇತಿ ಇಟ್ಟರು. ಊರೂರಿನಿಂದ ಬಂದಿದ್ದರು. ಕ್ರೀಡಾ ಮನಃಶಾಸ್ತ್ರ ಎಂಬ ಒಂದು ಪಾಠ ಇತ್ತು. ಊಟವಾದ ಮೇಲಿನ ಹೊತ್ತು, ಫ್ಯಾನು ಗರಗರ ಅನ್ನುತ್ತಿತ್ತು, ಅರ್ಧ ಜನ ತೂಕಡಿಸುತ್ತಿದ್ದರು. ಪಾಠ ಮಾಡಲು ಬಂದವರು ಕನ್ನಡಕದ, ಮೆತ್ತಗಿನ ದನಿಯ ಮೇಷ್ಟ್ರು, ನಮಗಿಂತ ಚಿಕ್ಕವರು. ಜನ ಯಾಕೆ ಆಡುತ್ತಾರೆ, ಯಾಕೆ ಬಿಟ್ಟುಬಿಡುತ್ತಾರೆ ಎಂಬುದೇ ಅವರ ವಿಷಯ. ಆಡುವುದಕ್ಕಾಗಿಯೇ ಆಡುವುದು ಬೇರೆ, ಆಟದಿಂದ ಸಿಗುವುದಕ್ಕಾಗಿ ಆಡುವುದು ಬೇರೆ ಎಂದರು. ಮೊದಲನೆಯದರ ಮೇಲೆ ಎರಡನೆಯದನ್ನು ಹೇರಿದರೆ ಮೊದಲನೆಯದು ಸೊರಗುತ್ತದೆ ಎಂದಾಗ ನನಗೆ ಚಿಕ್ಕಿ ನೆನಪಾಗಿ ನಗು ಬಂತು. ಆಮೇಲೆ ಮೂರು ಹಸಿವುಗಳ ಮಾತು ತೆಗೆದರು. ಇದು ನಾನಾಗಿ ಆರಿಸಿಕೊಂಡದ್ದು ಅನ್ನಿಸಬೇಕು. ಇದು ನನ್ನಿಂದ ಆಗುತ್ತದೆ ಅನ್ನಿಸಬೇಕು. ಇಲ್ಲಿರುವವರಿಗೆ ನಾನು ಬೇಕಾದವಳು ಅನ್ನಿಸಬೇಕು. ಈ ಮೂರರಲ್ಲಿ ಒಂದು ಒಣಗಿದರೂ ಮಗು ಮೈದಾನದಿಂದ ಹೊರಟುಹೋಗುತ್ತದೆ, ಸದ್ದು ಮಾಡದೆ ಹೋಗುತ್ತದೆ ಎಂದರು.

ಹಿಂದಿನ ಬೆಂಚಿನಿಂದ ಒಬ್ಬ ಹಿರಿಯ ಪಿ.ಟಿ. ಮೇಷ್ಟ್ರು ಎದ್ದರು. ‘ಸಾರ್, ನಮ್ ಮೇಷ್ಟ್ರು ಬೆತ್ತ ಹಿಡ್ಕೊಂಡೇ ನಮ್ಮನ್ನ ಸ್ಟೇಟ್ ಲೆವೆಲ್‌ಗೆ ಆಡ್ಸಿದ್ರು. ಈ ಹಸಿವು ಗಿಸಿವು ನಮಗೆ ಗೊತ್ತೇ ಇರ್ಲಿಲ್ಲ.’

‘ಬೆತ್ತ ಕೆಳಗಿಟ್ಟ ಮೇಲೂ ಆಡಿದೋರು ಎಷ್ಟು ಜನ ಸಾರ್, ನಿಮ್ ಬ್ಯಾಚಲ್ಲಿ?’ ಎಂದು ಅವರು ಮೆತ್ತಗೆ ಕೇಳಿದರು. ಹಿರಿಯರು ಮನಸ್ಸಿನಲ್ಲೇ ಎಣಿಸಿ ನೋಡಿ ಕೂತರು.

ಆಮೇಲೆ ನಮಗೆ ಒಂದು ಕೆಲಸ ಕೊಟ್ಟರು. ನೀವು ಇದುವರೆಗೆ ಒಬ್ಬ ವಿದ್ಯಾರ್ಥಿಗೆ ಕೊಟ್ಟ ಅತ್ಯುತ್ತಮ ಮೆಚ್ಚುಗೆಯ ಮಾತನ್ನು ಚೀಟಿಯಲ್ಲಿ ಬರೆಯಿರಿ, ಪಕ್ಕದವರಿಗೆ ಕೊಡಿ, ಅವರು ಆ ಮಾತನ್ನು ಕೇಳಿಸಿಕೊಂಡ ವಿದ್ಯಾರ್ಥಿಯಾಗಿ ಅದನ್ನು ಓದಲಿ. ನಾನು ಯೋಚಿಸುವ ಅಗತ್ಯವೇ ಇರಲಿಲ್ಲ. ಆ ಫೈನಲ್ ಬರೆದೆ, ನಾಲ್ಕು ನಿಮಿಷ ಹತ್ತು ಸೆಕೆಂಡು ಬರೆದೆ, ಒಂದು ಪಾಯಿಂಟಿನಿಂದ ಸೋತದ್ದು ಬರೆದೆ, ನಾನು ಹೇಳಿದ ಮಾತನ್ನೂ ಬರೆದೆ. ಪಕ್ಕದಲ್ಲಿ ಕೂತಿದ್ದವರು ಧಾರವಾಡದ ಕಡೆಯ ಟೀಚರು. ಚೀಟಿಯನ್ನು ಎರಡು ಸಲ ಓದಿ, ಹಿಂದೆ ತಿರುಗಿಸಿ ನೋಡಿದರು.

‘ಇದು ಸಮಾಧಾನದ ಮಾತಾತಲ್ರೀ ಮೇಡಂ. ಸೋತಾಳ, ಹೋಗ್ಲಿ ಬಿಡು ಅಂದೀರಿ. ಹೊಗಳಿದ್ದು ಎಲ್ಲೈತ್ರಿ?’

ನಾನು ನಗುತ್ತಾ ವಿವರಿಸಲು ಹೊರಟೆ. ನಮ್ಮ ಮನೆಯಲ್ಲಿ ಹೀಗೆ, ನಮ್ಮ ಅಜ್ಜ ಹಾಗೆ ಅಂತ. ಅವರು ಪೂರ್ತಿ ಕೇಳಿಸಿಕೊಂಡು, ‘ಆ ಹುಡುಗಿ ನಿಮ್ಮ ಮನಿಯಾಗ ಹುಟ್ಟಿದ್ಲೇನ್ರಿ?’ ಅಂದರು. ತಮಾಷೆಗೇ ಅಂದದ್ದು. ನಾನು ಚೀಟಿಯನ್ನು ವಾಪಸು ತೆಗೆದುಕೊಂಡು ಮತ್ತೆ ಓದಿದೆ. ‘ಪರವಾಗಿಲ್ವಾ ಮಿಸ್?’ ಎಂದು ಅವಳು ಕೇಳಿದ ದನಿ, ಐದು ವರ್ಷ ಎಲ್ಲಿತ್ತೋ, ಅಲ್ಲೇ ಬೆಂಚಿನ ಪಕ್ಕ ಕೇಳಿಸಿತು. ಅದೊಂದು ಪ್ರಶ್ನೆಯಾಗಿತ್ತು. ನೀನು ಬಿದ್ದು ನಾವು ಸೋತೆವು, ಹೋಗಲಿ ಎಂದು ನಾನು ಅಂದೆನೋ ಎಂದು ಅವಳು ಕೇಳಿದ್ದಳು. ಹೌದು ಅಂದಿದ್ದೆ. ಎರಡು ವಾರದ ಮೇಲೆ ನೀನಿಲ್ಲದಿದ್ದರೂ ಹೋಗಲಿ ಎಂದು ಅದೇ ಮಾತನ್ನು ಇನ್ನೊಮ್ಮೆ ಹೇಳಿದ್ದೆ. ಮೂರು ಹಸಿವುಗಳಲ್ಲಿ ಎರಡನ್ನು ಒಂದೇ ಶಬ್ದದಲ್ಲಿ ಕೊಂದಿದ್ದೆ.

ತರಬೇತಿ ಮುಗಿಸಿ ಬಂದ ಮೇಲೆ ನಾನು ಹೊಸದಾಗಿ ಮಾತು ಕಲಿಯತೊಡಗಿದೆ. ಸುಲಭವಾಗಲಿಲ್ಲ. ‘ಚೆನ್ನಾಗಿ ಆಡಿದೆ’ ಎಂದು ಮೊದಲ ಸಲ ಒಬ್ಬಳಿಗೆ ಹೇಳಿದಾಗ ಅವಳು ಹೆದರಿ ‘ಯಾಕ್ ಮಿಸ್, ಏನಾಯ್ತು?’ ಅಂದಳು. ಬರೀ ಹೊಗಳಿದರೂ ಸಾಲದು ಎಂದು ಆ ಮೇಷ್ಟ್ರು ಹೇಳಿದ್ದರು. ಏನು ಮಾಡಿದ್ದು ಚೆನ್ನಾಗಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಹೊಗಳಿಕೆಯೂ ಇನ್ನೊಂದು ಚಿಕ್ಕಿ. ಹಾಗಾಗಿ ‘ತಿರುಗುವಾಗ ಎಡಗಾಲು ಮೊದಲು ಇಟ್ಟೆಯಲ್ಲ, ಅದರಿಂದ ತಪ್ಪಿಸ್ಕೊಂಡೆ’ ಎಂಬಂಥ ಮಾತುಗಳನ್ನು ಅಭ್ಯಾಸ ಮಾಡಿದೆ. ಆಯ್ಕೆಗೆ ಹೋಗುವವರನ್ನು ಕೂರಿಸಿಕೊಂಡು, ನೀನು ಬೇಕು, ಆದರೆ ತೀರ್ಮಾನ ನಿನ್ನದು ಎಂದು ಹೇಳಲು ಕಲಿತೆ. ಹುಡುಗಿಯರು ಉಳಿದರು. ಪಿ.ಯು.ಸಿ.ಗೆ ಹೋದವರೂ ಸಂಜೆ ಬಂದು ಆಡಿ ಹೋಗುತ್ತಿದ್ದರು. ಸ್ಟಾಫ್‌ರೂಮಿನಲ್ಲಿ ನನ್ನ ಹೊಸ ವಿಧಾನಕ್ಕೆ ಮೆಚ್ಚುಗೆಯೂ ಸಿಕ್ಕಿತು. ಪ್ರತಿ ಸಲ ಅದು ಫಲಿಸಿದಾಗಲೂ ಆ ಖೋಖೋ ಹುಡುಗಿ ನೆನಪಾಗುತ್ತಿದ್ದಳು. ಅವಳಿಗೂ ಇಷ್ಟೇ ಸಾಕಾಗಿತ್ತಲ್ಲ ಅನ್ನಿಸುತ್ತಿತ್ತು. ಅವಳ ಅಪ್ಪನ ಅಂಗಡಿ ಎರಡೇ ರಸ್ತೆ ಆಚೆ. ಆ ರಸ್ತೆಯನ್ನು ತಪ್ಪಿಸಿ ನಾನು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ಹೀಗೆ ಮೂರು ವರ್ಷ.

ಕೊನೆಗೆ ಒಂದು ದಿನ ಮಧ್ಯಾಹ್ನ ಹೋದೆ. ಬೇಗ ಬಿಟ್ಟ ದಿನ, ಯಾವ ನೆಪವೂ ಇರಲಿಲ್ಲ. ಅಂಗಡಿಯ ಮುಂದೆ ಕಬ್ಬಿಣದ ಸರಳುಗಳನ್ನು ಲಾರಿಯಿಂದ ಇಳಿಸುತ್ತಿದ್ದರು. ಒಳಗೆ ಕಂಪ್ಯೂಟರಿನ ಮುಂದೆ ಅವಳೇ ಕೂತಿದ್ದಳು. ಬಿ.ಕಾಂ. ಮುಗಿಸಿ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಾಳೆಂದು ಕೇಳಿದ್ದೆ. ಎರಡು ಜಡೆ ಹೋಗಿ ಒಂದು ಕ್ಲಿಪ್ಪು ಬಂದಿತ್ತು. ನನ್ನನ್ನು ನೋಡಿದ ಕೂಡಲೇ ಎದ್ದಳು.

‘ಮಿಸ್, ನೀವಾ? ಬನ್ನಿ ಬನ್ನಿ. ಮನೆ ಕಟ್ಟಿಸ್ತಿದೀರಾ?’

‘ಇಲ್ಲಮ್ಮ. ನಿನ್ನ ನೋಡೋಣ ಅಂತ ಬಂದೆ.’

‘ನನ್ನ ನೋಡೋಕೆ ಬರೋರೆಲ್ಲ ಗಂಡಿನ ಕಡೆಯೋರೇ ಮಿಸ್. ನೀವೂ ಆ ಕೆಲಸ ಶುರು ಮಾಡಿದ್ರಾ?’ ಎಂದು ನಕ್ಕು, ಕುರ್ಚಿ ಎಳೆದು, ಕಾಫಿ ತರಿಸಿದಳು.

ಕಾಫಿ ಆರುವಷ್ಟು ಹೊತ್ತು ಅದೂ ಇದೂ ಮಾತಾಡಿದೆ. ಆಮೇಲೆ ಹೇಳಿದೆ. ಎಂಟು ವರ್ಷದ ಹಿಂದೆ ಅವಳಿಗೆ ಹೇಳಬೇಕಾಗಿದ್ದನ್ನು ಒಂದೊಂದಾಗಿ ಹೇಳಿದೆ. ಭುಜ ನೋಡುವ ವಿದ್ಯೆಯನ್ನು ಅವಳೇ ಕಂಡುಹಿಡಿದದ್ದು, ಕಂಬದ ಹತ್ತಿರ ಕೂತು ತಪ್ಪಿಸಿಕೊಂಡದ್ದು, ಎದುರು ಶಾಲೆಯ ಟೀಚರ ಚಪ್ಪಾಳೆ, ನಾಲ್ಕು ನಿಮಿಷ ಹತ್ತು ಸೆಕೆಂಡು. ಅಂಥ ಆಟ ನಾನು ಅದಕ್ಕೆ ಮುಂಚೆ ನೋಡಿಲ್ಲ, ಆಮೇಲೂ ನೋಡಿಲ್ಲ ಎಂದೆ. ನಮ್ಮ ಮನೆಯಲ್ಲಿ ಆ ಶಬ್ದಕ್ಕೆ ಏನರ್ಥ ಎಂಬುದನ್ನೂ ಹೇಳಿದೆ. ಅವಳು ಕಂಪ್ಯೂಟರಿನ ಕಡೆ ನೋಡುತ್ತಾ ಕೇಳಿಸಿಕೊಂಡಳು. ಪರದೆಯ ಮೇಲೆ ಏನೂ ಇರಲಿಲ್ಲ.

‘ಆ ಶುಕ್ರವಾರ ನಾನು ಯಾಕ್ ಬಂದಿದ್ದೆ ಗೊತ್ತಾ ಮಿಸ್?’ ಅಂದಳು. ‘ಅಪ್ಪಾಜಿ ಬೇಡ ಅಂತಿದ್ರು. ಹುಡುಗೀನ ಊರೂರಿಗೆ ಕಳಿಸೋದೇನು ಅಂತ. ನಾನು ಅತ್ತಿದ್ದಕ್ಕೆ, ಆಯ್ತು, ನಿಮ್ ಟೀಚರಮ್ಮ ನೀನ್ ಬೇಕೇ ಬೇಕು ಅಂದ್ರೆ ಕಳಿಸ್ತೀನಿ, ಹೋಗಿ ಕೇಳ್ಕೊಂಡ್ ಬಾ ಅಂದ್ರು. ನಾನ್ ಬೇಕಾ ಅಂತ ಹೆಂಗ್ ಕೇಳೋದು? ನಾಚಿಕೆ ಆಯ್ತು. ಅದಕ್ಕೇ ಉಲ್ಟಾ ಕೇಳ್ದೆ. ಮನೇಲಿ, ನಂಗೇ ಆಡೋದು ಬೇಡ ಅನ್ನಿಸ್ತು ಅಂತ ಹೇಳ್ಬಿಟ್ಟೆ.’

ತಪ್ಪಾಯಿತು ಎಂದು ಹೇಳಿದೆನೋ, ಹೇಳಿದೆ ಅಂದುಕೊಂಡೆನೋ, ಈಗಲೂ ಖಚಿತವಿಲ್ಲ.

ಅವಳು ಬೈಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ, ‘ಈಗ ಇದನ್ನ ಯಾಕ್ ಹೇಳಿದ್ರಿ ಮಿಸ್? ನನಗೋಸ್ಕರನಾ, ನಿಮಗೋಸ್ಕರನಾ?’ ಎಂದು ಕೇಳಿದಳು. ಚುಚ್ಚುವುದಕ್ಕಲ್ಲ, ತಿಳಿದುಕೊಳ್ಳುವುದಕ್ಕೇ ಕೇಳಿದ ಹಾಗಿತ್ತು. ಜನ ಯಾಕೆ ಏನನ್ನು ಮಾಡುತ್ತಾರೆ ಎಂದು ಹದಿನೈದು ದಿನ ಪಾಠ ಕೇಳಿ ನೋಟ್ಸು ಬರೆದುಕೊಂಡು ಬಂದವಳು ನಾನು. ಉತ್ತರ ಗೊತ್ತಿತ್ತು, ಆರಿದ್ದ ಕಾಫಿಯನ್ನು ಎತ್ತಿಕೊಂಡು ಕುಡಿದೆ.

‘ನನಗೋಸ್ಕರ ಆದ್ರೆ ಒಂದ್ ಕೆಲಸ ಮಾಡಿ. ಅಪ್ಪಾಜಿ ಒಳಗಿದಾರೆ. ಅವರಿಗೆ ಹೇಳಿ’ ಅಂದಳು. ನಾನು ಹೂಂ ಅನ್ನುವ ಮುಂಚೆಯೇ ಹಿಂದಿನ ಗೋಡೌನಿನ ಕಡೆ ತಿರುಗಿ ಕರೆದಳು.

ಅವರು ಕೈಗೆ ಮೆತ್ತಿದ್ದ ಸಿಮೆಂಟು ಧೂಳು ಒದರುತ್ತಾ ಬಂದರು. ಗಟ್ಟಿ ದನಿಯ, ನಗುಮುಖದ ಮನುಷ್ಯ. ‘ಏನ್ ಟೀಚರಮ್ಮ, ಈ ಕಡೆ ದಾರಿ ಮರ್ತೇ ಹೋಗಿತ್ತಾ’ ಎಂದು ಉಪಚಾರ ಮಾಡಿದರು. ನಾನು ಎದ್ದು ನಿಂತೇ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಮಗಳು ಅಂದು ಕೇಳಲು ಬಂದದ್ದು, ನಾನು ತಪ್ಪು ಉತ್ತರ ಕೊಟ್ಟದ್ದು, ಆಯ್ಕೆಯ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರಾಗಿದ್ದದ್ದು, ಅವಳು ಬೇಕೇ ಬೇಕಾಗಿದ್ದದ್ದು. ಅವರಿಗೆ ಆಟ ಗೊತ್ತಿರಲಿಲ್ಲ.

‘ನಾಕು ನಿಮಿಷ ಅಂದ್ರೆ ಜಾಸ್ತಿನಾ?’ ಎಂದು ಕೇಳಿದರು.

ಒಂಬತ್ತು ಜನ ಸೇರಿ ಅಟ್ಟುತ್ತಾರೆ, ಬಹಳ ಹುಡುಗಿಯರು ಒಂದು ನಿಮಿಷವೂ ನಿಲ್ಲುವುದಿಲ್ಲ ಎಂದೆ.

‘ಒಬ್ಳೇನಾ?’

‘ಒಬ್ಬಳೇ. ಜೊತೆಯವರಿಬ್ಬರೂ ಔಟಾಗಿದ್ರು.’

ಅವರು ಮಗಳನ್ನು ನೋಡಿದರು. ಅವಳು ಬಿಲ್ ಪುಸ್ತಕದ ಹಾಳೆಗಳನ್ನು ಮಗುಚುತ್ತಿದ್ದಳು. ಅವರು ಬಾಗಿಲಿನಾಚೆ ರಸ್ತೆಯ ತುದಿಗೆ, ಮೈದಾನದ ಕಾಂಪೌಂಡಿನ ಗೋಡೆ ಕಾಣುವ ಕಡೆಗೆ ನೋಡಿದರು. ನಗು ಹೋಗಿತ್ತು.

‘ಇಲ್ಲೇ ಇತ್ತಲ್ಲ ಗ್ರೌಂಡು’ ಅಂದರು. ‘ನಾನೇ ಒಂದ್ ಸಲ ಎದ್ ಬಂದು ನೋಡ್ಬೋದಿತ್ತು. ಇನ್ನೊಬ್ರ ಬಾಯಲ್ಲಿ ಕೇಳ್ಕೊಂಡ್ ಬಾ ಅಂತ ಕಳಿಸ್ಬಿಟ್ನಲ್ಲ.’

ತಪ್ಪು ನನ್ನದು, ನಿಮ್ಮದಲ್ಲ ಎಂದು ನಾನು ಅವಸರವಾಗಿ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಲಾರಿಯವನು ಕೂಗಿದ ಎಂದು ಹೊರಗೆ ಹೋದರು. ಲಾರಿಯವನು ಕೂಗಿರಲಿಲ್ಲ.

ನಾನು ಹೊರಟಾಗ ಅವಳು ರಸ್ತೆಯವರೆಗೂ ಬಂದಳು. ಅವಳ ಮುಖ ಹಗುರವಾಗಿತ್ತೋ, ದಣಿದಿತ್ತೋ ಹೇಳಲಾರೆ. ‘ಅಪ್ಪಾಜಿ ಇವತ್ತು ಸರಿಯಾಗಿ ಊಟ ಮಾಡಲ್ಲ, ನೋಡ್ತಿರಿ’ ಎಂದು ಮೆಲ್ಲಗೆ ಅಂದಳು. ಆಮೇಲೆ, ‘ಬರ್ತಾ ಇರಿ ಮಿಸ್. ಇದೊಂದ್ ವಿಷ್ಯ ಮಾತ್ರ ಮತ್ತೆ ಎತ್ಬೇಡಿ. ನನಗೆ ಆಯ್ತು.’

ಮನೆಗೆ ನಡೆಯುತ್ತಾ ಯೋಚಿಸಿದೆ. ಎಂಟು ವರ್ಷ ಅವರು ತಮ್ಮ ಮಗಳು ತಾನಾಗಿಯೇ ಆಟ ಬಿಟ್ಟಳು ಎಂದು ನಂಬಿಕೊಂಡು ನೆಮ್ಮದಿಯಾಗಿದ್ದರು. ನನ್ನ ಭಾರ ಇಳಿಸಿಕೊಳ್ಳಲು ಹೋಗಿ ಆ ನೆಮ್ಮದಿಯನ್ನು ನಾನು ಕಿತ್ತುಕೊಂಡು ಬಂದಿದ್ದೆ. ನನ್ನ ಭಾರವೇನೂ ಇಳಿದಿರಲಿಲ್ಲ. ಅವಳು ಹೇಳಿಸಿದ್ದು ನ್ಯಾಯವಾಗಿತ್ತು, ನಾನು ಹೇಳಿದ್ದು ಸತ್ಯವಾಗಿತ್ತು, ಎರಡೂ ಸೇರಿ ಒಬ್ಬ ಮನುಷ್ಯನ ಮುಖದ ನಗು ತೆಗೆದಿದ್ದವು.

ಆಮೇಲೆ ನಾನು ಆ ಅಂಗಡಿಗೆ ಎಷ್ಟೋ ಸಲ ಹೋಗಿದ್ದೇನೆ. ಅವಳು ಕಾಫಿ ತರಿಸುತ್ತಾಳೆ, ಶಾಲೆಯ ಸುದ್ದಿ ಕೇಳುತ್ತಾಳೆ, ನಾವು ಆ ವಿಷಯ ಬಿಟ್ಟು ಎಲ್ಲವನ್ನೂ ಮಾತಾಡುತ್ತೇವೆ. ಅವಳ ಅಪ್ಪ ನನ್ನನ್ನು ಕಂಡ ತಕ್ಷಣ ಎದ್ದು, ‘ಬನ್ನಿ ಟೀಚರಮ್ಮ, ಕೂತ್ಕಳಿ’ ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಹಿಂದಿನ ಗೋಡೌನಿಗೆ ಹೋಗುತ್ತಾರೆ. ನಾನು ಅಲ್ಲಿರುವಷ್ಟು ಹೊತ್ತೂ ಅವರು ಹೊರಗೆ ಬರುವುದಿಲ್ಲ.